‘ಹ್ಞೂಂ’ ಅನ್ನುವುದಕ್ಕೆ ಮುಂಚಿನ ಒಂದು ಉಸಿರು

ನಮ್ಮ ಮನೆಯಲ್ಲಿ ಭಾನುವಾರವೆಂದರೆ ಅಕ್ಕನ ಮಗಳು ಬರುವ ದಿನ. ಗದಗಿನ ಹುಡುಗಿ, ಇಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಹಾಸ್ಟೆಲ್ಲಿನಿಂದ ಸಿಟಿ ಬಸ್ಸು ಹಿಡಿದು ಹನ್ನೊಂದರ ಹೊತ್ತಿಗೆ ವಾಕಡಿನ ನಮ್ಮ ಮನೆಗೆ ಬಂದರೆ ಊಟ, ಒಂದು ಗಡದ್ದು ನಿದ್ದೆ, ಆರನೇ ಕ್ಲಾಸಿನ ನನ್ನ ಮಗನಿಗೆ ಒಂದು ತಾಸು ಗಣಿತ, ಸಂಜೆ ಡಬ್ಬಿ ತುಂಬಿಸಿಕೊಂಡು ವಾಪಸು. ಒಂದೂವರೆ ವರ್ಷದಿಂದ ನಡೆದುಕೊಂಡು ಬಂದ ಪದ್ಧತಿ ಇದು. ಮೆಸ್ಸಿನ ಚಪಾತಿಗೆ ಬೇಸತ್ತವಳು, ನನ್ನ ಹೆಂಡತಿ ಬಡಿಯುವ ಜೋಳದ ರೊಟ್ಟಿಯನ್ನು ಎಣಿಸದೆ ತಿನ್ನುತ್ತಾಳೆ.

ಕಳೆದ ನವೆಂಬರಿನ ಒಂದು ಭಾನುವಾರ ಅರ್ಧ ರೊಟ್ಟಿಗೇ ಕೈ ತೊಳೆದಳು. ಕೇಳಿದರೆ “ಹಸಿವಿಲ್ರಿ ಮಾಮಾ” ಅಂದಳು. ನಾನು ನಂಬಿ ಟಿವಿ ಮುಂದೆ ಕೂತೆ. ನನ್ನ ಹೆಂಡತಿ ನಂಬಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಒರೆಸುತ್ತ ಅರ್ಧ ತಾಸಿನಲ್ಲಿ ವಿಷಯ ಹೊರಗೆ ತೆಗೆದಳು.

ಡೇಟಾಬೇಸ್ ವಿಷಯದ ಮಿನಿ ಪ್ರಾಜೆಕ್ಟು. ನಾಲ್ಕು ಜನರ ಗುಂಪು. ಹಾಸ್ಟೆಲ್ ಮೆಸ್ಸಿನ ಲೆಕ್ಕ ಇಡುವ ಒಂದು ಸಣ್ಣ ಅಪ್ಲಿಕೇಶನ್. ಟೇಬಲ್ಲುಗಳ ವಿನ್ಯಾಸ, ಕ್ವೆರಿಗಳು, ಕೊನೆಗೆ ರಿಪೋರ್ಟಿನ ಪ್ರಿಂಟ್ ಮತ್ತು ಬೈಂಡಿಂಗ್ ಸಮೇತ ಎಲ್ಲ ಮಾಡಿದವಳು ಇವಳೊಬ್ಬಳೇ. “ನೀನೇ ಮಾಡು ಯಾರ್, ನಿಂಗೆ ಚೆನ್ನಾಗಿ ಬರುತ್ತೆ” ಎಂದು ಹಿಂದಿಯಲ್ಲಿ ಅವರು ಅಂದಾಗಲೆಲ್ಲ ಇವಳು ಹ್ಞೂಂ ಅಂದಿದ್ದಾಳೆ. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಸ್ಕೀಮಾ ಮಾಡಿದ್ದು ಯಾರು ಎಂದು ಕೇಳಿದರು. ಪಕ್ಕದಲ್ಲಿದ್ದ ಹುಡುಗ, ಎಲ್ಲರೂ ಸೇರಿ ಮಾಡಿದ್ದು ಸರ್ ಅಂದ. ಮುಂದಿನ ಪ್ರಶ್ನೆ ನೇರವಾಗಿ ಇವಳಿಗೇ ಬಂತು, ಮೂರನೇ ನಾರ್ಮಲ್ ಫಾರ್ಮ್ ಬಗ್ಗೆ. ಹದಿನೈದು ವರ್ಷ ಇದೇ ಕೆಲಸದಲ್ಲಿರುವ ನನಗೇ ಪಾಠ ಮಾಡಬಲ್ಲವಳು ಸುಮ್ಮನೆ ನಿಂತಳು. 25ಕ್ಕೆ ಉಳಿದವರಿಗೆ 21, 22. ಇವಳಿಗೆ 14.

“ಅಲ್ಲಾ, ಬಾಯಿ ಬಿಡಬೇಕಿಲ್ಲೋ?” ಅಂದೆ ನಾನು. ದನಿ ಸ್ವಲ್ಪ ಏರಿತ್ತು.

“ಬಾಯಿ ಬಿಟ್ಟಿದ್ದೆ ಮಾಮಾ. ದನಿ ಬರಲಿಲ್ಲ.”

ಈ ಮಾತು ಆ ರಾತ್ರಿಯೆಲ್ಲ ನನ್ನ ಜೊತೆಗಿತ್ತು. ಏಕೆಂದರೆ ನಾವು ಇದಕ್ಕೆಲ್ಲ ‘ಸಂಕೋಚದ ಸ್ವಭಾವ’ ಎಂದು ಹೆಸರಿಟ್ಟು ಮುಗಿಸಿಬಿಡುತ್ತೇವೆ. ಹುಡುಗಿಯಾದರೆ ಅದನ್ನು ಗುಣ ಅಂತಲೂ ಹೇಳುತ್ತೇವೆ. ಅಕ್ಕ ಊರಲ್ಲಿ ಎಷ್ಟು ಜನರ ಮುಂದೆ “ನಮ್ಮ ಹುಡುಗಿ ಎದುರು ಮಾತಾಡೂದು ಗೊತ್ತಿಲ್ಲ” ಎಂದು ಹೆಮ್ಮೆಪಟ್ಟಿದ್ದಾಳೋ ಲೆಕ್ಕವಿಲ್ಲ. ಆದರೆ ಗೊತ್ತಿರುವ ಉತ್ತರಕ್ಕೂ ದನಿ ಬಾರದಿರುವುದು ಸ್ವಭಾವವಲ್ಲ. ಅದು ಹೆದರಿಕೆ. ಎದೆ ಹೊಡೆದುಕೊಳ್ಳುವುದು, ಗಂಟಲು ಒಣಗುವುದು, ಕಿವಿ ಬಿಸಿಯಾಗುವುದು, ತಲೆ ಖಾಲಿಯಾಗುವುದು. ದೇಹ ಹುಲಿಯ ಮುಂದೆ ಏನು ಮಾಡುತ್ತದೋ ಅದನ್ನೇ ವೈವಾದ ಮೇಜಿನ ಮುಂದೆ ಮಾಡುತ್ತಿದೆ ಅಷ್ಟೆ. ಓಡಲೂ ಆಗದೆ ಎದುರಿಸಲೂ ಆಗದೆ ಇದ್ದಲ್ಲಿಯೇ ಕಲ್ಲಾಗುವುದು ಪ್ರಾಣಿಗಳಿಗೂ ಗೊತ್ತಿರುವ ಮೂರನೆಯ ದಾರಿ.

ಇಂಗ್ಲಿಷಿನಲ್ಲಿ ಅಸರ್ಟಿವ್‌ನೆಸ್ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಬಾಯಿಗೆ ಒಗ್ಗುವ ಪದ ನನಗಿನ್ನೂ ಸಿಕ್ಕಿಲ್ಲ. ದಿಟ್ಟತನ ಎಂದರೆ ಜಗಳಕ್ಕೆ ನಿಂತ ಹಾಗಾಗುತ್ತದೆ. ಅದರ ವಿರುದ್ಧ ಪದ ಮಾತ್ರ ನಮ್ಮಲ್ಲಿ ಬಹಳ ಸೊಗಸಾಗಿದೆ: ದಾಕ್ಷಿಣ್ಯ. ಮನಸ್ಸಿಲ್ಲದಿದ್ದರೂ ಎದುರಿನವರ ಮುಖ ನೋಡಿ ಒಪ್ಪಿಕೊಳ್ಳುವುದು. ದಾಕ್ಷಿಣ್ಯಕ್ಕೆ ಸಿಕ್ಕವರ ಕಥೆ ಏನಾಗುತ್ತದೆ ಎಂಬುದಕ್ಕೆ ಒಂದು ಗಾದೆಯೂ ಇದೆ. ಮಕ್ಕಳೂ ಓದುವ ಪತ್ರಿಕೆಯಾದ್ದರಿಂದ ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ.

ಮರುದಿನ ಆಫೀಸಿನಲ್ಲಿ ಒಂದು ಬಿಲ್ಡ್ ಓಡುತ್ತಿದ್ದ ಹೊತ್ತಲ್ಲಿ ಈ ವಿಷಯದ ಬೆನ್ನು ಹತ್ತಿದೆ. ಓದುತ್ತ ಹೋದಂತೆ ಒಂದು ಸಂಗತಿ ಆಶ್ಚರ್ಯ ತಂದಿತು. ಅಸರ್ಟಿವ್‌ನೆಸ್ ತರಬೇತಿ ಹುಟ್ಟಿದ್ದು ಮ್ಯಾನೇಜರುಗಳ ಕಾರ್ಯಾಗಾರದಲ್ಲಿ ಅಲ್ಲ, ಆತಂಕಕ್ಕೆ ಚಿಕಿತ್ಸೆಯಾಗಿ. 1949ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಸಾಲ್ಟರ್ ಒಂದು ಪುಸ್ತಕ ಬರೆದು, ಬಹಳ ಜನರ ಕಷ್ಟಕ್ಕೆ ಕಾರಣ ತಮ್ಮನ್ನು ತಾವೇ ಅತಿಯಾಗಿ ಹಿಡಿದಿಟ್ಟುಕೊಳ್ಳುವುದು ಎಂದ. ಅನಿಸಿದ್ದನ್ನು ಹೇಳಿ, ‘ನಾನು’ ಎಂಬ ಪದ ಬಳಸಿ ಮಾತಾಡಿ ಎಂದು ತನ್ನಲ್ಲಿಗೆ ಬಂದವರಿಗೆ ಅಭ್ಯಾಸ ಮಾಡಿಸಿದ. ಒಂಬತ್ತು ವರ್ಷದ ನಂತರ, 1958ರಲ್ಲಿ, ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಇನ್ನೊಂದು ಹೆಜ್ಜೆ ಮುಂದೆ ಹೋದ. ಅವನ ವಾದ ಸರಳ: ಆತಂಕಕ್ಕೆ ವಿರುದ್ಧವಾದ ಇನ್ನೊಂದು ಪ್ರತಿಕ್ರಿಯೆ ಅದೇ ಹೊತ್ತಿನಲ್ಲಿ ಎದ್ದರೆ ಆತಂಕ ಹಿಂದೆ ಸರಿಯುತ್ತದೆ. ಮೈ ಸಡಿಲಬಿಡುವುದು ಅಂಥ ಒಂದು ಪ್ರತಿಕ್ರಿಯೆ. ತನ್ನ ಮಾತನ್ನು ನೇರವಾಗಿ ಹೇಳುವುದು ಇನ್ನೊಂದು. ಅಂದರೆ ಧೈರ್ಯ ಬಂದ ಮೇಲೆ ಮಾತಾಡೋಣ ಎಂದು ಕೂತರೆ ಧೈರ್ಯ ಬರುವುದೇ ಇಲ್ಲ. ಸಣ್ಣದಾಗಿ ಮಾತಾಡುತ್ತ ಹೋದರೆ ಹೆದರಿಕೆ ಇಳಿಯುತ್ತ ಬರುತ್ತದೆ.

1973ರಲ್ಲಿ ಸ್ಪೆನ್ಸರ್ ರೇಥಸ್ ಎಂಬಾತ ಇದನ್ನು ಅಳೆಯಲು 30 ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದ. ಇಂದಿಗೂ ಬಳಕೆಯಲ್ಲಿದೆ. ಹೋಟೆಲಿನಲ್ಲಿ ಊಟ ಸರಿಯಿಲ್ಲದಿದ್ದರೆ ಹೇಳುತ್ತೀರಾ, ಅಂಗಡಿಯವನು ಶ್ರಮಪಟ್ಟು ಸಾಮಾನು ತೋರಿಸಿದ ಮೇಲೆ ಬೇಡ ಅನ್ನಲು ಕಷ್ಟವಾಗುತ್ತದೆಯೇ, ಇಂಥವು. ಪುಣೆಯ ಲಕ್ಷ್ಮೀ ರೋಡಿನಲ್ಲಿ ನಲವತ್ತು ಸೀರೆ ಬಿಚ್ಚಿಸಿ ‘ನೋಡಿ ಬರ್ತೀವಿ’ ಎಂದು ಎದ್ದು ಬರುವ ನನ್ನ ಹೆಂಡತಿಗೆ ಪೂರ್ತಿ ಅಂಕ. ನಾನು ಕೂತು ಬಿಡಿಸಿದೆ. ಫಲಿತಾಂಶ ಇಲ್ಲಿ ಹೇಳುವಂತಿಲ್ಲ.

ಹೇಳುವಂತಿಲ್ಲ ಅಂದೆ, ಆದರೆ ಹೇಳಲೇಬೇಕಾದ ಒಂದು ಸಂಗತಿಯಿದೆ. ಹಿಂದೊಮ್ಮೆ ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಹದಿನೈದು ನಿಮಿಷ ಮೈಂಡ್‌ಫುಲ್‌ನೆಸ್ ಇಟ್ಟಿದ್ದರು. ಕಾನ್ಫರೆನ್ಸ್ ರೂಮಿನ ದೀಪ ಮಂದ ಮಾಡಿ, ಕಣ್ಣು ಮುಚ್ಚಿಸಿ, ಉಸಿರಿನ ಮೇಲೆ ಗಮನ ಇಡಿ ಅನ್ನುವರು. ಒಳ್ಳೆಯದೇ ಅನಿಸುತ್ತಿತ್ತು. ಒಂದು ಬುಧವಾರ ಅದು ಮುಗಿದು ಕಣ್ಣು ತೆರೆದರೆ ಬಾಗಿಲಲ್ಲಿ ಮ್ಯಾನೇಜರ್. ವೀಕೆಂಡ್ ಡಿಪ್ಲಾಯ್‌ಮೆಂಟ್ ಇದೆ, ನೀನು ಇರ್ತೀಯಲ್ಲ? ಸತತ ಐದನೇ ವೀಕೆಂಡು. ಮನೆಯಲ್ಲಿ ಮಗನ ಹುಟ್ಟುಹಬ್ಬ. ನಾನು ಬಹಳ ಪ್ರಶಾಂತವಾಗಿ ‘ಶ್ಯೂರ್’ ಅಂದೆ. ಅಷ್ಟು ಪ್ರಶಾಂತವಾಗಿ ನಾನು ಎಂದೂ ಒಪ್ಪಿಕೊಂಡಿರಲಿಲ್ಲ.

ಹಾಗಾಗಿ ಡಿಸೆಂಬರಿನಲ್ಲಿ ಸೊಸೆ ಫೋನು ಮಾಡಿ, ಕಾಲೇಜಿನ ಕೌನ್ಸೆಲರ್ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಬೇತಿ ಇಟ್ಟಿದ್ದಾರೆ, ಹೆಸರು ಕೊಡಲೇನು ಅಂದಾಗ ನನಗೆ ಉತ್ಸಾಹ ಬರಲಿಲ್ಲ. ಹಿಡಿದಿಟ್ಟುಕೊಳ್ಳುವ ಹುಡುಗಿಗೆ ಇನ್ನೂ ಹಿಡಿದಿಟ್ಟುಕೊಳ್ಳುವುದು ಕಲಿಸುತ್ತಾರೆ ಅಂದುಕೊಂಡೆ. “ನಿನಗ ಹ್ಯಾಂಗ ಅನಸ್ತದೋ ಹಂಗ ಮಾಡು” ಅಂದೆ. ಅವಳು ಹೆಸರು ಕೊಟ್ಟಳು. ಗುರುವಾರ ಸಂಜೆ ಐದಕ್ಕೆ. ಹದಿನಾಲ್ಕು ಮಕ್ಕಳು. ಕಡ್ಡಾಯ ಅಲ್ಲ, ಹಾಜರಿ ಇಲ್ಲ, ಸರ್ಟಿಫಿಕೇಟೂ ಇಲ್ಲ. ಈ ಕೊನೆಯ ಮಾತು ಕೇಳಿ ನನಗೆ ಸ್ವಲ್ಪ ನಂಬಿಕೆ ಬಂತು.

ಎಂಟು ವಾರ ಎಂಬ ಈ ಅಳತೆ ಬಂದದ್ದು ಜಾನ್ ಕಬಟ್-ಜಿನ್ ಅವರಿಂದ. ಓದಿದ್ದು ಅಣುಜೀವಶಾಸ್ತ್ರ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಯಾವ ಔಷಧಿಗೂ ಬಗ್ಗದ ನೋವಿನ ರೋಗಿಗಳಿಗಾಗಿ ಶುರುಮಾಡಿದ ತರಗತಿ ಅದು. ಮೊದಲ ದಿನ ಒಂದೇ ಒಂದು ಒಣದ್ರಾಕ್ಷಿ ಕೈಗೆ ಕೊಟ್ಟು, ನೋಡಿ, ಮೂಸಿ, ನಾಲಿಗೆ ಮೇಲಿಟ್ಟು ನಿಧಾನವಾಗಿ ತಿನ್ನಲು ಹೇಳುವ ಪಾಠ ಪ್ರಸಿದ್ಧ. ಮೂಲ ಮಾತ್ರ ನಮ್ಮ ಕಡೆಯದೇ. ಪಾಲಿ ಭಾಷೆಯ ‘ಸತಿ’, ಸಂಸ್ಕೃತದ ಸ್ಮೃತಿ, ನಮ್ಮ ಅರಿವು ಅಥವಾ ಎಚ್ಚರ. ಮುಂಬೈಯಿಂದ ನಾಸಿಕದ ಕಡೆ ರೈಲಿನಲ್ಲಿ ಹೋದವರಿಗೆ ಇಗತಪುರಿ ಗೊತ್ತಿರುತ್ತದೆ; ಎಸ್. ಎನ್. ಗೋಯೆಂಕಾ ಅವರ ವಿಪಶ್ಯನ ಕೇಂದ್ರ 1976ರಿಂದ ಅಲ್ಲಿದೆ. ಅದೇ ಪರಂಪರೆಯ, ಬರಿ ಉಸಿರು ಗಮನಿಸುವ ಆನಾಪಾನವನ್ನು ‘ಮಿತ್ರ’ ಉಪಕ್ರಮದ ಹೆಸರಿನಲ್ಲಿ ಮಹಾರಾಷ್ಟ್ರದ ಶಾಲೆಗಳಿಗೂ ತಂದರು. ದೆಹಲಿಯ ಓದುಗರ ಮಕ್ಕಳಿಗೆ ಇದು ಇನ್ನೊಂದು ಹೆಸರಲ್ಲಿ ಪರಿಚಯವಿದ್ದೀತು: 2018ರ ಜುಲೈಯಲ್ಲಿ ದಲೈ ಲಾಮಾ ಉದ್ಘಾಟಿಸಿದ, ಅಲ್ಲಿನ ಸರ್ಕಾರಿ ಶಾಲೆಗಳ ಹ್ಯಾಪಿನೆಸ್ ತರಗತಿ. ಅದೂ ಶುರುವಾಗುತ್ತಿದ್ದದ್ದು ಕಣ್ಣು ಮುಚ್ಚಿ ಕೂರುವುದರಿಂದಲೇ.

ನಾನು ಭಾನುವಾರದ ಊಟದ ಹೊತ್ತಿಗೆ ಒಂದೊಂದೇ ಪಾಠ ಕೇಳುತ್ತಿದ್ದೆ. ಮೊದಲ ಎರಡು ವಾರ ಅವಳಿಗೇ ಬೇಸರ. ಉಸಿರು ನೋಡು ಅಂದರೆ ನಾಳಿನ ಅಸೈನ್‌ಮೆಂಟ್ ನೆನಪಾಗುತ್ತದೆ, ನೆನಪಾಯಿತಲ್ಲ ಎಂದು ತನ್ನ ಮೇಲೆ ಸಿಟ್ಟು ಬರುತ್ತದೆ. ನೆನಪಾದದ್ದು ಗೊತ್ತಾಯಿತಲ್ಲ, ಅದೇ ಅಭ್ಯಾಸ, ಮನಸ್ಸು ಓಡಿದ್ದು ತಪ್ಪಲ್ಲ ಎಂದರಂತೆ ಕೌನ್ಸೆಲರ್. ಮೂರನೇ ವಾರದಿಂದ ದಿಕ್ಕು ಬದಲಾಯಿತು. ಅವರು ಒಂದು ಮನೆಗೆಲಸ ಕೊಟ್ಟರು: ಈ ವಾರ ಏನನ್ನೂ ಬದಲಾಯಿಸಬೇಡಿ, ಯಾರಿಗೂ ಇಲ್ಲ ಅನ್ನಬೇಡಿ. ಆದರೆ ಪ್ರತಿ ಸಲ ಮನಸ್ಸಿಲ್ಲದೆ ಹ್ಞೂಂ ಅಂದಾಗ ದೇಹದಲ್ಲಿ ಎಲ್ಲಿ ಏನಾಯಿತು ಎಂದು ಬರೆದಿಡಿ.

ಅವಳ ನೋಟ್‌ಬುಕ್ಕಿನಲ್ಲಿ ಆ ವಾರ ಹನ್ನೊಂದು ಹ್ಞೂಂ. ರೂಮ್‌ಮೇಟಿಗೆ ಚಾರ್ಜರ್ ಕೊಟ್ಟದ್ದು, ಇನ್ನೊಬ್ಬಳ ಜರ್ನಲ್ ಬರೆದುಕೊಟ್ಟದ್ದು, ರಿಕ್ಷಾದವನು ಇಪ್ಪತ್ತು ರೂಪಾಯಿ ಚಿಲ್ಲರೆ ಕೊಡದೆ ಹೋದದ್ದು. ಹನ್ನೊಂದರಲ್ಲಿ ಒಂಬತ್ತು ಸಲ ಒಂದೇ ಸಾಲು: “ಹೊಟ್ಟಿ ಮ್ಯಾಲಿನ ಭಾಗ ಬಿಗೀತು. ಉಸುರು ನಿಂತು ಹೋತು. ಆಮ್ಯಾಲೆ ಹ್ಞೂಂ ಬಂತು.” ಕ್ರಮ ಗಮನಿಸಿ. ಅವಳಿಗೂ ಆಗಲೇ ಹೊಳೆದದ್ದು. ಹ್ಞೂಂ ಎಂಬುದು ಅವಳ ನಿರ್ಧಾರವೇ ಆಗಿರಲಿಲ್ಲ. ಬಿಗಿದ ಹೊಟ್ಟೆಯನ್ನು ಸಡಿಲಿಸಿಕೊಳ್ಳಲು ಅವಳಿಗೆ ಗೊತ್ತಿದ್ದ ಅತಿ ಬೇಗದ ಉಪಾಯ ಅದು. ಹ್ಞೂಂ ಅಂದ ಕೂಡಲೇ ಎದುರಿನವರ ಮುಖ ಅರಳುತ್ತದೆ, ಹೊಟ್ಟೆ ಬಿಡುತ್ತದೆ. ಹೀಗೆ ಪ್ರತಿ ಸಲ ತಕ್ಷಣದ ಬಹುಮಾನ ಸಿಗುವ ಚಟವನ್ನು ‘ಬಿಡು’ ಎಂದು ಬಾಯಲ್ಲಿ ಹೇಳಿದರೆ ಯಾರು ಬಿಟ್ಟಾರು?

ಮೈಂಡ್‌ಫುಲ್‌ನೆಸ್ ಇಲ್ಲಿ ಮಾಡುವ ಕೆಲಸ ಬಹಳ ಸಣ್ಣದು ಎಂದು ನನಗೆ ಅರ್ಥವಾದದ್ದು ಆಗ. ಅದು ಆತಂಕವನ್ನು ಓಡಿಸುವುದಿಲ್ಲ. ಹೊಟ್ಟೆ ಬಿಗಿಯುವುದಕ್ಕೂ ಹ್ಞೂಂ ಬರುವುದಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗ ಮಾಡಿಕೊಡುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಟ್ಟಾಗ ಎದೆಬಡಿತ ಕೊಂಚ ತಗ್ಗುತ್ತದೆ ಎಂಬುದು ದೇಹಶಾಸ್ತ್ರ. ಆ ಅವಕಾಶದಲ್ಲಿ ಬೇರೆ ವಾಕ್ಯ ಹೊರಡಬಹುದು. ಹೊರಡಬಹುದು ಅಷ್ಟೆ. ಆ ಬೇರೆ ವಾಕ್ಯ ಮೊದಲೇ ಬಾಯಲ್ಲಿ ತಯಾರಿರಬೇಕು. ನನ್ನ ಕಂಪನಿಯ ಬುಧವಾರಗಳಲ್ಲಿ ಜಾಗ ಮಾಡಿಕೊಟ್ಟಿದ್ದರು, ವಾಕ್ಯ ಯಾರೂ ಕೊಟ್ಟಿರಲಿಲ್ಲ. ಕೊಡುವುದು ಅವರಿಗೆ ಬೇಕಾಗಿಯೂ ಇರಲಿಲ್ಲವೇನೋ.

ಈ ಕೌನ್ಸೆಲರ್ ಐದನೇ ವಾರದಿಂದ ವಾಕ್ಯ ಕೊಟ್ಟರು. ಇಬ್ಬಿಬ್ಬರು ಎದುರುಬದುರು ನಿಂತು ನಾಟಕ ಮಾಡಬೇಕು. ಒಬ್ಬ ಜರ್ನಲ್ ಕೇಳುವವನು, ಇನ್ನೊಬ್ಬ ಕೊಡದವನು. 1975ರಲ್ಲಿ ಮ್ಯಾನ್ಯುಯಲ್ ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಪುಸ್ತಕದಲ್ಲಿ ಪ್ರಚಾರಕ್ಕೆ ತಂದ ಒಂದು ಉಪಾಯವಿದೆ: ಗೀರು ಬಿದ್ದ ಗ್ರಾಮಫೋನ್ ತಟ್ಟೆಯ ಹಾಗೆ ಒಂದೇ ವಾಕ್ಯವನ್ನು, ದನಿ ಏರಿಸದೆ, ಕಾರಣಗಳ ಪಟ್ಟಿ ಕೊಡದೆ, ಮತ್ತೆ ಮತ್ತೆ ಹೇಳುವುದು. ನಾವು ದಾಕ್ಷಿಣ್ಯದವರು ಕಾರಣ ಕೊಡುವುದರಲ್ಲೇ ಸೋಲುತ್ತೇವೆ. ‘ನಾಳೆ ಟೆಸ್ಟ್ ಇದೆ’ ಅಂದರೆ ‘ಹಾಗಾದರೆ ನಾಡಿದ್ದು ಕೊಡು’ ಅನ್ನುತ್ತಾರೆ. ಪ್ರತಿ ಕಾರಣಕ್ಕೂ ಒಂದು ಬಾಗಿಲಿರುತ್ತದೆ.

ಇಲ್ಲೊಂದು ತೊಡಕು ಬಂತು. ಇದು ನಮ್ಮಂಥ ಪರಸ್ಥಳದವರಿಗೇ ಅರ್ಥವಾಗುವಂಥದ್ದು. ಯಾವ ಭಾಷೆಯಲ್ಲಿ ಇಲ್ಲ ಅನ್ನುವುದು? ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ತರಗತಿಯಲ್ಲಿ ಇಂಗ್ಲಿಷ್, ಹಾಸ್ಟೆಲ್ಲಿನಲ್ಲಿ ಹಿಂದಿ, ಮೆಸ್ಸಿನ ಮಾವಶಿ ಜೊತೆ ಮರಾಠಿ. ನಮ್ಮ ಹಿಂದಿ ನಿಮಗೆ ಗೊತ್ತಲ್ಲ. ಬಸ್ಸು ಗಂಡೋ ಹೆಣ್ಣೋ, ರೊಟ್ಟಿ ಬಂದನೋ ಬಂದಳೋ. ಮೊದಲ ಸೆಮಿಸ್ಟರಿನಲ್ಲಿ ಅವಳು ಒಮ್ಮೆ ‘ಮೈ ಆಯಾ’ ಅಂದದ್ದಕ್ಕೆ ಕೋಣೆ ತುಂಬ ನಕ್ಕಿದ್ದರಂತೆ. ನಕ್ಕವರಿಗೆ ಮರೆತುಹೋಗಿದೆ. ಅಂದಿನಿಂದ ಇವಳು ಹಿಂದಿಯ ಪ್ರತಿ ವಾಕ್ಯವನ್ನೂ ಬಾಯೊಳಗೇ ತಿದ್ದಿ ತೀಡುತ್ತಾಳೆ. ತಿದ್ದುವಷ್ಟರಲ್ಲಿ ಮಾತಿನ ಸರದಿ ಮುಗಿದಿರುತ್ತದೆ. ‘ಹಾಂ’ ಎಂಬ ಪದಕ್ಕೆ ಮಾತ್ರ ಲಿಂಗವೂ ಇಲ್ಲ, ವ್ಯಾಕರಣವೂ ಇಲ್ಲ. ಅವಳು ಒಪ್ಪಿಕೊಂಡದ್ದರಲ್ಲಿ ಅರ್ಧಪಾಲು ಈ ಕಾರಣಕ್ಕೇ ಇದ್ದೀತು. ನಾನೂ ಹದಿನೈದು ವರ್ಷದ ಹಿಂದೆ ಈ ಊರಿಗೆ ಬಂದಾಗ ಮನೆ ಮಾಲೀಕನಿಗೆ ಡಿಪಾಸಿಟ್ ವಾಪಸು ಕೇಳಲಾಗದೆ ಬಿಟ್ಟು ಬಂದವನು. ಬೈಯುವಷ್ಟು ಹಿಂದಿ ಬರುತ್ತಿರಲಿಲ್ಲ, ಕೇಳುವಷ್ಟು ಮರಾಠಿಯೂ ಬರುತ್ತಿರಲಿಲ್ಲ.

ಕೌನ್ಸೆಲರ್ ಮರಾಠಿಯವರು. ಅವರು ಹೇಳಿದ ಪರಿಹಾರ ಚಂದವಿತ್ತು: ನಿನ್ನ ಭಾಷೆಯಲ್ಲೇ ಮೊದಲು ಗಟ್ಟಿಯಾಗಿ ಹೇಳು, ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ಅವಳು ಎಲ್ಲರ ಮುಂದೆ ನಿಂತು “ಈ ಸಲ ನಾ ಬರದುಕೊಡಂಗಿಲ್ಲ” ಎಂದು ಗದಗಿನ ಕನ್ನಡದಲ್ಲಿ ಮೂರು ಸಲ ಹೇಳಿದಳು. ಭಾಷೆ ತಿಳಿಯದ ಹದಿಮೂರು ಮಕ್ಕಳಿಗೂ ಅರ್ಥವಾಯಿತಂತೆ. ಆಮೇಲೆ ಅದನ್ನೇ ಹಿಂದಿಯಲ್ಲಿ ನಾಲ್ಕು ಪದಕ್ಕೆ ಇಳಿಸಿ, ವ್ಯಾಕರಣ ಸರಿಮಾಡಿ, ಬಾಯಿಪಾಠ.

ಇಷ್ಟು ಹೇಳಿ, ಎಲ್ಲ ಶಾಲೆಗಳಲ್ಲೂ ಇದನ್ನು ನಾಳೆಯಿಂದಲೇ ಕಡ್ಡಾಯ ಮಾಡಿ ಎಂದುಬಿಟ್ಟರೆ ನಾನು ಪೂರ್ತಿ ಓದಿಲ್ಲ ಎಂದೇ ಅರ್ಥ. ಬ್ರಿಟನ್ನಿನಲ್ಲಿ ಒಂದು ದೊಡ್ಡ ಪ್ರಯೋಗವಾಯಿತು, ಮಿರಿಯಡ್ ಎಂದು ಹೆಸರು. 84 ಶಾಲೆಗಳು, 11ರಿಂದ 13 ವಯಸ್ಸಿನ 8,376 ಮಕ್ಕಳು. ಅರ್ಧ ಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರಿಂದ ಮೈಂಡ್‌ಫುಲ್‌ನೆಸ್ ಪಾಠ, ಉಳಿದವುಗಳಲ್ಲಿ ಎಂದಿನ ಪಾಠ. 2022ರಲ್ಲಿ ಫಲಿತಾಂಶ ಬಂತು. ಮಕ್ಕಳ ಖಿನ್ನತೆಯ ಅಪಾಯದಲ್ಲಾಗಲಿ ನೆಮ್ಮದಿಯಲ್ಲಾಗಲಿ ಎಂದಿನ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಲಾಭ ಆದದ್ದು ಯಾರಿಗೆ ಗೊತ್ತೇ? ಪಾಠ ಕಲಿಸಲು ತಾವು ಕಲಿತ ಶಿಕ್ಷಕರಿಗೆ; ಅವರ ದಣಿವು ಕಡಿಮೆಯಾಗಿತ್ತು.

ಇನ್ನೊಂದು ಪ್ರಯೋಗ ಕೇಂಬ್ರಿಜ್ ವಿಶ್ವವಿದ್ಯಾಲಯದ್ದು, 2017ರಲ್ಲಿ ಪ್ರಕಟವಾದದ್ದು. 616 ವಿದ್ಯಾರ್ಥಿಗಳು, ಎಂಟು ವಾರ. ಪರೀಕ್ಷೆಯ ದಿನಗಳಲ್ಲಿ ಅಳೆದು ನೋಡಿದಾಗ, ವೈದ್ಯರ ಗಮನ ಬೇಕೆನ್ನುವಷ್ಟು ಸಂಕಟದಲ್ಲಿದ್ದವರು ತರಬೇತಿ ಪಡೆಯದವರಲ್ಲಿ ನೂರಕ್ಕೆ 57, ಪಡೆದವರಲ್ಲಿ ನೂರಕ್ಕೆ 37. ಎರಡೂ ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನಾನು ಬಹಳ ಹೊತ್ತು ನೋಡಿದೆ. ವಯಸ್ಸಿನ ವ್ಯತ್ಯಾಸವಿದೆ, ಪಾಠ ಮಾಡಿದವರ ಅನುಭವದ ವ್ಯತ್ಯಾಸವೂ ಇರಬಹುದು. ಆದರೆ ನನಗೆ ಎದ್ದು ಕಂಡದ್ದು ಒಂದು: ಕೇಂಬ್ರಿಜ್‌ನವರು ತಾವಾಗಿ ಬಂದು ಹೆಸರು ಕೊಟ್ಟವರು. ಹನ್ನೆರಡರ ಮಗುವಿಗೆ ಟೈಮ್‌ಟೇಬಲ್ ಪ್ರಕಾರ ಕಣ್ಣು ಮುಚ್ಚಿಸಿದ್ದು. ‘ಬೇಡ’ ಅನ್ನುವುದನ್ನು ಕಲಿಸುವ ತರಗತಿಗೆ ಬೇಡ ಅನ್ನುವ ಹಕ್ಕೇ ಇಲ್ಲದಿದ್ದರೆ ಮಗು ಏನು ಕಲಿತೀತು? ನಮ್ಮ ಶಾಲೆಗಳಲ್ಲಂತೂ ‘ಕಣ್ಣು ಮುಚ್ಚಿ, ಕೈ ಕಟ್ಟಿ, ಬಾಯಿ ಮುಚ್ಚಿ’ ಎಂಬುದಕ್ಕೆ ಹೊಸ ಹೆಸರು ಸಿಕ್ಕಂತಾದೀತು ಎಂಬ ಭಯ ನನಗಿದೆ.

ಇನ್ನೂ ಒಂದು ಮಾತು. ಕಣ್ಣು ಮುಚ್ಚಿ ಒಳಗೆ ನೋಡುವುದು ಎಲ್ಲರಿಗೂ ಹಿತವಲ್ಲ. ಹಿಂದೆ ಪೆಟ್ಟು ತಿಂದ ಮನಸ್ಸಿಗೆ ಅದೇ ಹೊತ್ತಲ್ಲಿ ಹಳೆಯದೆಲ್ಲ ಎದ್ದು ಬರಬಹುದು. ನಮ್ಮ ಹುಡುಗಿಯ ಗುಂಪಿನಲ್ಲಿಯೇ ಒಬ್ಬ ಹುಡುಗ ಎರಡನೇ ವಾರ ನಡುಗತೊಡಗಿದನಂತೆ. ಕೌನ್ಸೆಲರ್ ಅವನಿಗೆ ಕಣ್ಣು ತೆರೆದು ಕಿಟಕಿಯಾಚೆಯ ಮರ ನೋಡಲು ಹೇಳಿ, ಆಮೇಲೆ ಬೇರೆಯಾಗಿ ಕೂತು ಮಾತಾಡಿ, ವೈದ್ಯರ ಬಳಿ ಕಳಿಸಿದರು. ಹಾಗೆಯೇ ಹೊಡೆಯುವ, ಹೆದರಿಸುವ, ಮೈಮುಟ್ಟುವ ಜನರ ಎದುರು ‘ಧೈರ್ಯವಾಗಿ ಇಲ್ಲ ಅನ್ನು’ ಎಂದು ಮಕ್ಕಳನ್ನೇ ಮುಂದೆ ತಳ್ಳುವುದು ಅನ್ಯಾಯ. ಅಲ್ಲಿ ಹೋಗಿ ನಿಲ್ಲಬೇಕಾದವರು ನಾವು. ಮಗು ಊಟ, ನಿದ್ದೆ ಬಿಟ್ಟಿದೆ, ಬದುಕೇ ಬೇಡ ಎಂಬ ಮಾತು ಆಡುತ್ತಿದೆ ಎಂದರೆ ಉಸಿರಾಟದ ಆ್ಯಪ್ ಹುಡುಕುತ್ತ ಕೂರಬೇಡಿ. ಟೆಲಿ-ಮಾನಸ್ ಎಂಬ ಕೇಂದ್ರ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ಸಂಖ್ಯೆ 14416. ಉಚಿತ, ದಿನದ 24 ಗಂಟೆ, ಭಾಷೆ ಆರಿಸಿಕೊಳ್ಳಬಹುದು. ಅದರ ಹಿಂದೆ ನಿಂತಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಾಸ್ಟೆಲ್ಲಿನಲ್ಲಿರುವ ಮಕ್ಕಳ ಫೋನಿನಲ್ಲಿ ಈ ಸಂಖ್ಯೆಯನ್ನು ಇವತ್ತೇ ಸೇವ್ ಮಾಡಿಸಿ.

ಇನ್ನು ನನ್ನ ಕಥೆಗೆ ಬರುತ್ತೇನೆ. ಏಳನೇ ವಾರದ ಶನಿವಾರ ರಾತ್ರಿ ಫೋನು ಬಂತು.

“ಮಾಮಾ, ನಾಳೆ ನಾ ಬರಂಗಿಲ್ರಿ.”

“ಯಾಕವಾ, ಆರಾಮಿಲ್ಲೇನು?”

“ಆರಾಮ ಅದೀನ್ರಿ. ನಾಳೆ ನನಗ ಬರೂದು ಆಗಂಗಿಲ್ಲ.”

“ಇವಗ ಮಂಗಳವಾರ ಗಣಿತದ್ದು ಟೆಸ್ಟ್ ಐತಿ. ಬರೇ ಒಂದು ತಾಸು ಬಂದು ಹೋಗು.”

ಸ್ವಲ್ಪ ಹೊತ್ತು ಮೌನ. ಉಸಿರು ಹೊರಬಿಟ್ಟ ಸದ್ದು ಫೋನಿನಲ್ಲಿ ನನಗೆ ಕೇಳಿಸಿತು.

“ಗೊತ್ತೈತ್ರಿ ಮಾಮಾ. ಆದ್ರ ನಾಳೆ ನನಗ ಬರೂದು ಆಗಂಗಿಲ್ಲ.”

ಗ್ರಾಮಫೋನ್ ತಟ್ಟೆ! ಎರಡು ವಾರದ ಹಿಂದೆ ಊಟಕ್ಕೆ ಕೂತು, ಭಲೇ ಉಪಾಯ ಎಂದು ಹೊಗಳಿದವನು ನಾನೇ. ಈಗ ನನ್ನ ಹೊಟ್ಟೆಯ ಮೇಲಿನ ಭಾಗ ಬಿಗಿಯಿತು. ‘ಇಷ್ಟು ದಿನ ಉಣ್ಣಿಸಿದ್ದಕ್ಕೆ’ ಎಂಬಲ್ಲಿಂದ ಹಿಡಿದು ‘ನಾಲ್ಕು ಕ್ಲಾಸ್ ಆಗಿಲ್ಲ, ಆಗಲೇ ಎದುರುಮಾತು’ ಎಂಬಲ್ಲಿವರೆಗೆ ಏನೇನು ಬಂತು ಎಂದು ಬರೆದರೆ ನೀವು ಈ ಅಂಕಣ ಓದುವುದನ್ನು ಬಿಡುತ್ತೀರಿ. “ಆತು ಬಿಡು” ಎಂದು ಫೋನಿಟ್ಟೆ. ಆ ‘ಆತು ಬಿಡು’ ಹೇಗಿತ್ತೆಂದು ಗದಗಕ್ಕೂ ಗೊತ್ತಾಯಿತು. ಅರ್ಧ ತಾಸಿನಲ್ಲಿ ಅಕ್ಕನ ಫೋನು.

“ಏನಂದ್ಲೋ ಆಕಿ ನಿನಗ? ಮಾಮಾ ಸಿಟ್ಟಾಗ್ಯಾರ ಅಂತ ಅಳಾಕ ಹತ್ತ್ಯಾಳ. ನಾ ಬೈದೇನಿ, ನಾಳೆ ಬರ್ತಾಳ ತಗೋ.”

ಒಂದೂವರೆ ವರ್ಷ ಭಾನುವಾರಗಳು ಹೇಗೆ ನಡೆದವು ಎಂದು ನನಗೆ ಹೊಳೆದದ್ದು ಅಕ್ಕನ ಆ “ಬರ್ತಾಳ ತಗೋ”ದಲ್ಲಿ. ಹುಡುಗಿಗೆ ಬರಲು ಮನಸ್ಸಿದೆಯೇ ಎಂದು ಯಾರೂ ಕೇಳಿರಲಿಲ್ಲ. ಗಣಿತ ಹೇಳಿಕೊಡು ಎಂದು ಮೊದಲ ಸಲ ನಾನು ಅಂದಾಗ ಅವಳು ಅಂದದ್ದೂ ಹ್ಞೂಂ. ಆ ನೋಟ್‌ಬುಕ್ಕಿನ ಹನ್ನೊಂದರಲ್ಲಿ ನನ್ನದೂ ಒಂದಿತ್ತು ಎಂದು ಆಮೇಲೆ ತಿಳಿಯಿತು; ಊಟದ ಹೊತ್ತಿಗೆ ಓದಿ ಹೇಳುವಾಗ ಅದನ್ನು ಬಿಟ್ಟು ಓದಿದ್ದಳು.

ಅಕ್ಕನಿಗೆ “ಬ್ಯಾಡವಾ, ಆಕಿ ನಾಳೆ ಬರೂದು ಬ್ಯಾಡ. ನಾ ಸಿಟ್ಟಾಗಿಲ್ಲ” ಅಂದೆ. ಎರಡನೆಯ ವಾಕ್ಯ ಆ ಹೊತ್ತಿಗೆ ಸುಳ್ಳು, ಆದರೂ ಅಂದೆ. ಆಮೇಲೆ ಅವಳಿಗೇ ಫೋನು ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದಳು. ಏನು ಹೇಳಬೇಕೆಂದು ನನಗೂ ವಾಕ್ಯ ತಯಾರಿರಲಿಲ್ಲ. “ಗಣಿತ ನಾ ನೋಡಕೋತೀನಿ. ನೀ ಮಲಕೋ” ಅಂದೆ.

ಗಣಿತ ನಾನೇ ನೋಡಿಕೊಂಡೆ. ದಶಾಂಶದ ಭಾಗಾಕಾರ. ಮಗನಿಗೆ 20ಕ್ಕೆ 11 ಬಂತು.

ಜನವರಿ ಕೊನೆಯಲ್ಲಿ ಅವಳು ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಪ್ರಾಜೆಕ್ಟಿನ ಅಂಕದ ವಿಷಯ ಮಾತಾಡಿದಳು. ಒಬ್ಬಳೇ ಹೋದಳು, ನಾನು ಬರಲೇನು ಎಂದು ಕೇಳಿದ್ದಕ್ಕೆ ಬೇಡ ಅಂದಳು. ಯಾವ ಫೈಲನ್ನು ಯಾವ ದಿನ ಯಾರು ಬರೆದರು ಎಂಬ ದಾಖಲೆ ಪ್ರಿಂಟ್ ಮಾಡಿಕೊಂಡು ಹೋಗಿದ್ದಳು. ಕೈ ನಡುಗುತ್ತಿತ್ತಂತೆ, ದನಿ ನಡುವೆ ಒಮ್ಮೆ ಒಡೆಯಿತಂತೆ, ಆದರೂ ಪೂರ್ತಿ ಹೇಳಿದಳು. ಅಂಕ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿದೆ, ಈಗ ಏನೂ ಮಾಡಲು ಬರುವುದಿಲ್ಲ ಎಂದರು ಅವರು. 14 ಇನ್ನೂ 14 ಆಗಿಯೇ ಇದೆ. ಈ ಸೆಮಿಸ್ಟರಿನ ಪ್ರಾಜೆಕ್ಟಿಗೆ ಬೇರೆ ಗುಂಪು. ಹಳೆಯ ಗುಂಪಿನ ಒಬ್ಬಳು ಮಾತು ಬಿಟ್ಟಿದ್ದಾಳೆ. ಅದಕ್ಕೆ ಇವಳು ಎರಡು ದಿನ ಅತ್ತಳು ಕೂಡ.

ಈಗಲೂ ನಮ್ಮ ಮನೆಗೆ ಬರುತ್ತಾಳೆ, ಪ್ರತಿ ಭಾನುವಾರ ಅಲ್ಲ. ಬರುವ ಮುಂಚಿನ ದಿನ ಮೆಸೇಜು ಹಾಕುತ್ತಾಳೆ. ಗಣಿತ ಹೇಳಿಕೊಡುವುದು ಅವಳ ಇಷ್ಟ. ಮಗ ಇದೆಲ್ಲವನ್ನೂ ಕೂತು ನೋಡುತ್ತಿದ್ದಾನೆ. ಮೊನ್ನೆ ಅಬ್ಯಾಕಸ್ ಕ್ಲಾಸಿಗೆ ಹೊರಡು ಅಂದರೆ, ಉದ್ದಕ್ಕೆ ಒಂದು ಉಸಿರು ಬಿಟ್ಟು, “ಅಪ್ಪಾ, ನಂಗೆ ಅಬ್ಯಾಕಸ್ ಬೇಡ” ಅಂದ. ಮೂರು ಸಲ. ಫೀಸು ಕಟ್ಟಿ ಎರಡು ತಿಂಗಳಾಗಿಲ್ಲ. ಮಾತುಕತೆ ಇನ್ನೂ ಮುಗಿದಿಲ್ಲ.

ಈ ಬರಹವನ್ನು ಕಳಿಸುವ ಮುನ್ನ ಅವಳಿಗೆ ಓದಲು ಕೊಟ್ಟೆ. ರೊಟ್ಟಿಯ ವಿಷಯ ಇರಲಿ ಅಂದಳು. ‘ಮೈ ಆಯಾ’ ಇರಲಿ ಅಂದಳು, ನಕ್ಕಳು ಕೂಡ. ವೈವಾ ಆದ ರಾತ್ರಿ ಹಾಸ್ಟೆಲ್ಲಿನಲ್ಲಿ ನಡೆದ ಒಂದು ಸಂಗತಿಯನ್ನು ನಾನು ಒಂದು ಪ್ಯಾರಾದಷ್ಟು ಬರೆದಿದ್ದೆ. ಬರಹದಲ್ಲಿ ಅದೇ ಗಟ್ಟಿಯಾದ ಭಾಗವೆಂದು ನನ್ನ ಲೆಕ್ಕ. “ಅದು ಬ್ಯಾಡ್ರಿ ಮಾಮಾ” ಅಂದಳು. ಹೆಸರೇನೂ ಹಾಕಿಲ್ಲವಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಓದಿದ ನಾಲ್ಕು ಮಕ್ಕಳಿಗೆ ಉಪಯೋಗವಾದೀತು ಎಂದು ನಾನು ಒಂದೊಂದೇ ಕಾರಣ ಹೇಳುತ್ತ ಹೋದೆ. ಅವಳು ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿ, “ಅದು ಬ್ಯಾಡ್ರಿ” ಎಂದು ಮತ್ತೊಮ್ಮೆ ಅಂದಳು.

ತೆಗೆದಿದ್ದೇನೆ.